ನಾಡಿನ ಗರ್ವಕ್ಕೆ ದೇವರ ತೀರ್ಪು: ಹೀಬ್ರೂ ಪ್ರವಾದಿಗಳು ಹೇಳಿದ್ದೇನು?

ಪಶ್ಚಿಮ ಏಷ್ಯಾದಲ್ಲಿ ಯುದ್ಧ ಶುರುವಾದಾಗಲೆಲ್ಲ ಬೈಬಲ್ಲಿನ ಕೆಲವು ಸಾಲುಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಸಿರಿಯಾದ ಅಂತರ್ಯುದ್ಧದ ಕಾಲದಲ್ಲಿ ಜಾಸ್ತಿ ಓಡಾಡಿದ್ದು ಯೆಶಾಯನ ಗ್ರಂಥದ 17ನೇ ಅಧ್ಯಾಯದ ಮೊದಲ ವಚನ. ದಮಸ್ಕ ಇನ್ನು ಪಟ್ಟಣವಾಗಿ ಉಳಿಯುವುದಿಲ್ಲ, ಹಾಳು ದಿಬ್ಬವಾಗುತ್ತದೆ ಎಂದು ಅದು ಹೇಳುತ್ತದೆ. ಓದಿದವರಿಗೆ ಇದು ಇವತ್ತಿನ ಡಮಾಸ್ಕಸ್ ಬಗ್ಗೆ ಬರೆದ ಭವಿಷ್ಯದಂತೆ ಕಾಣುತ್ತದೆ.

ಆದರೆ ಅದೇ ಅಧ್ಯಾಯದ ನಾಲ್ಕನೇ ವಚನಕ್ಕೆ ಬನ್ನಿ. ಯಾಕೋಬನ ವೈಭವ ಕುಂದುತ್ತದೆ, ಅವನ ಕೊಬ್ಬಿದ ಮೈ ಬಡಕಲಾಗುತ್ತದೆ ಎಂದಿದೆ. ಯಾಕೋಬ ಎಂದರೆ ಇಲ್ಲಿ ಇಸ್ರಾಯೇಲ್ ರಾಜ್ಯ. ಆಗ ದಮಸ್ಕ ಮತ್ತು ಇಸ್ರಾಯೇಲ್ ಕೈಜೋಡಿಸಿ ಪಕ್ಕದ ಯೆಹೂದ ರಾಜ್ಯವನ್ನು ಬಗ್ಗಿಸಲು ಹೊರಟಿದ್ದವು. ಕ್ರಿ.ಪೂ. 732ರಲ್ಲಿ ಅಸ್ಸೀರಿಯಾದ ದೊರೆ ತಿಗ್ಲತ್ಪಿಲೆಸರ ದಮಸ್ಕವನ್ನು ಗೆದ್ದುಕೊಂಡ. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಸ್ರಾಯೇಲ್ ರಾಜ್ಯವೂ ಬಿತ್ತು. ಅಂದರೆ ಒಂದೇ ಮಾತಿನಲ್ಲಿ ಪ್ರವಾದಿ ಪರದೇಶದವರನ್ನೂ ತನ್ನ ರಕ್ತಸಂಬಂಧಿಗಳನ್ನೂ ಸೇರಿಸಿದ್ದ. ಫಾರ್ವರ್ಡ್ ಆಗುವ ಸಾಲಿನಲ್ಲಿ ಉಳಿಯುವುದು ಮೊದಲ ಅರ್ಧ ಮಾತ್ರ.

ಈ ಬರಹಗಳನ್ನು ಸರಿಯಾಗಿ ಓದಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು.

ಯಾರು ಈ ಪ್ರವಾದಿಗಳು?

ಯೆಹೂದ್ಯರ ಧರ್ಮಗ್ರಂಥದ ಹೆಸರು ತನಖ್. ಕ್ರೈಸ್ತರು ಇದನ್ನೇ ಹಳೆಯ ಒಡಂಬಡಿಕೆ ಎಂದು ಓದುತ್ತಾರೆ, ಪುಸ್ತಕಗಳ ಕ್ರಮ ಬೇರೆ. ಅದರ ಒಂದು ದೊಡ್ಡ ಭಾಗ ಪ್ರವಾದಿಗಳದು. ಯೆಶಾಯ, ಯೆರೆಮೀಯ, ಯೆಹೆಜ್ಕೇಲ ಎಂಬ ಮೂರು ದೊಡ್ಡ ಗ್ರಂಥಗಳು, ಜೊತೆಗೆ ಹನ್ನೆರಡು ಚಿಕ್ಕವು. ಇವುಗಳ ಕಾಲ ಸುಮಾರಾಗಿ ಕ್ರಿ.ಪೂ. 8ನೇ ಶತಮಾನದಿಂದ 5ನೇ ಶತಮಾನದವರೆಗೆ.

ಪ್ರವಾದಿ ಎಂದರೆ ಕಣಿ ಹೇಳುವವನಲ್ಲ. ದೇವರ ಪರವಾಗಿ ಮಾತನಾಡುವವನು. ಮುಂದೆ ಆಗುವುದನ್ನು ಹೇಳುತ್ತಾನೆ ನಿಜ, ಆದರೆ ಅವನ ಕಣ್ಣಿರುವುದು ಈಗ ನಡೆಯುತ್ತಿರುವುದರ ಮೇಲೆ. ರಾಜ ಯಾರ ಜೊತೆ ಒಪ್ಪಂದ ಮಾಡಿಕೊಂಡ, ವ್ಯಾಪಾರಿ ತಕ್ಕಡಿಯಲ್ಲಿ ಏನು ಮೋಸ ಮಾಡಿದ, ನ್ಯಾಯಾಧಿಪತಿ ಯಾರಿಂದ ಲಂಚ ತಿಂದ. ಇವೇ ಅವನ ವಿಷಯಗಳು.

ಅವರಿದ್ದ ಜಾಗವನ್ನೂ ಮರೆಯಬಾರದು. ಉತ್ತರಕ್ಕೆ ಇಸ್ರಾಯೇಲ್, ಅದರ ರಾಜಧಾನಿ ಸಮಾರ್ಯ. ದಕ್ಷಿಣಕ್ಕೆ ಯೆಹೂದ, ಅದರ ರಾಜಧಾನಿ ಯೆರೂಸಲೇಮ್. ಎರಡೂ ಗುಡ್ಡಗಾಡಿನ ಪುಟ್ಟ ರಾಜ್ಯಗಳು. ಒಂದು ಕಡೆ ಈಜಿಪ್ಟ್, ಇನ್ನೊಂದು ಕಡೆ ಕನ್ನಡ ಬೈಬಲ್ಲಿನಲ್ಲಿ ಅಶ್ಶೂರ್ ಎಂದು ಬರುವ ಅಸ್ಸೀರಿಯಾ, ಅದಾದ ಮೇಲೆ ಬಾಬೆಲ್ ಅಥವಾ ಬ್ಯಾಬಿಲೋನ್. ದೊಡ್ಡ ಸೈನ್ಯಗಳು ಓಡಾಡುವ ದಾರಿ ಇವರ ಅಂಗಳದಲ್ಲೇ ಇತ್ತು.

ಈ ಗ್ರಂಥಗಳಲ್ಲಿ ಸುತ್ತಲಿನ ದೇಶಗಳಿಗೆ ತೀರ್ಪು ಹೇಳುವ ಅಧ್ಯಾಯಗಳು ಗುಂಪುಗುಂಪಾಗಿ ಸಿಗುತ್ತವೆ. ಯೆಶಾಯ 13ರಿಂದ 23, ಯೆರೆಮೀಯ 46ರಿಂದ 51, ಯೆಹೆಜ್ಕೇಲ 25ರಿಂದ 32, ಆಮೋಸ 1 ಮತ್ತು 2. ಓಬದ್ಯ ಮತ್ತು ನಹೂಮ ಎಂಬ ಎರಡು ಗ್ರಂಥಗಳು ಪೂರ್ತಿ ಇದೇ ವಿಷಯದವು. ಹೆಸರು ಬಂದ ದೇಶಗಳಿಗೆ ಈ ಮಾತು ತಲುಪುತ್ತಿತ್ತೇ? ಕೆಲವೊಮ್ಮೆ ತಲುಪುತ್ತಿತ್ತು. ಎದೋಮ್, ಮೋವಾಬ್, ತೂರ್ ಮೊದಲಾದ ಕಡೆಗಳಿಂದ ಯೆರೂಸಲೇಮಿಗೆ ಬಂದಿದ್ದ ರಾಯಭಾರಿಗಳ ಕೈಯಲ್ಲಿ ಯೆರೆಮೀಯ ಸಂದೇಶ ಕಳಿಸಿದ್ದನ್ನು ಅವನ ಗ್ರಂಥದ 27ನೇ ಅಧ್ಯಾಯ ಹೇಳುತ್ತದೆ. ಆದರೆ ಬಹುಪಾಲು ಮಾತುಗಳನ್ನು ಕೇಳಿಸಿಕೊಂಡವರು ಪ್ರವಾದಿಯ ಊರಿನ ಜನರೇ. ಇದು ಮುಖ್ಯ.

ಯಾವುದನ್ನು ಗರ್ವ ಅಂದರು?

ತನ್ನ ನಾಡನ್ನು ಪ್ರೀತಿಸುವುದು ಪ್ರವಾದಿಗಳಿಗೆ ತಪ್ಪಾಗಿ ಕಂಡಿರಲಿಲ್ಲ. ಯೆರೂಸಲೇಮಿಗಾಗಿ ಯೆರೆಮೀಯ ಅತ್ತಷ್ಟು ಯಾರೂ ಅತ್ತಿಲ್ಲ. ಅವರು ಗರ್ವ ಎಂದು ಹಿಡಿದು ತೋರಿಸಿದ್ದು ಬೇರೆ.

ಒಂದೊಂದು ದೇಶಕ್ಕೂ ಬೀಗಲು ಒಂದೊಂದು ಕಾರಣವಿತ್ತು. ಇಂದಿನ ಲೆಬನಾನಿನ ಕರಾವಳಿಯ ತೂರ್ ಪಟ್ಟಣಕ್ಕೆ ವ್ಯಾಪಾರ. ಬೆಳ್ಳಿ, ಕಬ್ಬಿಣ, ತವರ, ಸೀಸ, ದಂತ, ಕರಿಮರ ಎಂದು ಅದರ ಸರಕುಗಳ ಉದ್ದ ಪಟ್ಟಿಯನ್ನೇ ಯೆಹೆಜ್ಕೇಲ ಕೊಡುತ್ತಾನೆ. ಹಣ ಹೆಚ್ಚಿದ ಹಾಗೆ ಅದರ ಅರಸನ ಮನಸ್ಸು ಉಬ್ಬಿತು, 'ನಾನೇ ದೇವರು, ಸಮುದ್ರದ ನಡುವೆ ದೇವರ ಪೀಠದಲ್ಲಿ ಕೂತಿದ್ದೇನೆ' ಎಂದ ಎಂದು ಆರೋಪಿಸುತ್ತಾನೆ. ಈಜಿಪ್ಟಿಗೆ ನದಿ. ಅಲ್ಲಿನ ಫರೋಹ 'ನೈಲ್ ನನ್ನದು, ನಾನೇ ಮಾಡಿದ್ದು' ಎನ್ನುತ್ತಾನೆ. ಬಾಬೆಲಿಗೆ ಅಧಿಕಾರ. ಅದು 'ನಾನೇ, ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ' ಎಂದುಕೊಂಡಿತು. ಯೆಶಾಯ 45ರಲ್ಲಿ ದೇವರು ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಇದೇ. 47ಕ್ಕೆ ಬರುವಾಗ ಅದು ಒಂದು ಸಾಮ್ರಾಜ್ಯದ ಬಾಯಲ್ಲಿದೆ. ಹತ್ತಿರಹತ್ತಿರದ ಅಧ್ಯಾಯಗಳಲ್ಲಿ ಇದನ್ನು ಓದಿದಾಗ ಪ್ರವಾದಿಯ ಕಳವಳ ಅರ್ಥವಾಗುತ್ತದೆ.

ಅಂದರೆ ಕೊಟ್ಟದ್ದನ್ನು ತಾನೇ ಮಾಡಿದ್ದು ಅಂದುಕೊಳ್ಳುವುದು ಮೊದಲನೆಯದು. ನನ್ನನ್ನು ಕೇಳುವವರಿಲ್ಲ ಅಂದುಕೊಳ್ಳುವುದು ಅದರ ಮುಂದಿನ ಹೆಜ್ಜೆ. ಕೇಳುವವರಿಲ್ಲ ಎಂದಮೇಲೆ ಕೈಗೆ ಸಿಕ್ಕ ದುರ್ಬಲರ ಗತಿ ಏನಾಗುತ್ತದೆ? ಬಾಬೆಲಿನ ಮೇಲಿನ ಆರೋಪಪಟ್ಟಿಯಲ್ಲಿ 'ನೀನು ಕರುಣೆ ತೋರಲಿಲ್ಲ, ಮುದುಕರ ಮೇಲೂ ಭಾರದ ನೊಗ ಹೇರಿದೆ' ಎಂಬ ಮಾತಿದೆ. ಗರ್ವ ಎಂದರೆ ಸುಮ್ನೆ ಮನಸ್ಸಿನೊಳಗಿನ ಒಂದು ಭಾವನೆ ಅಲ್ಲ. ಅದರ ಪೆಟ್ಟು ಯಾರದೋ ಬೆನ್ನ ಮೇಲೆ ಬೀಳುತ್ತದೆ.

ಎದೋಮ್: ಬಂಡೆಗಳ ಮೇಲಿನ ದೇಶ

ಹೀಬ್ರೂ ಧರ್ಮಗ್ರಂಥದಲ್ಲೇ ಅತಿ ಚಿಕ್ಕದು ಓಬದ್ಯನ ಗ್ರಂಥ. ಒಂದೇ ಅಧ್ಯಾಯ, 21 ವಚನ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಓದಿಬಿಡಬಹುದು. ಅದರ ಗುರಿ ಎದೋಮ್.

ಮೃತ ಸಮುದ್ರದ ಆಗ್ನೇಯಕ್ಕೆ, ಇಂದಿನ ಜೋರ್ಡಾನಿನ ದಕ್ಷಿಣ ಭಾಗದಲ್ಲಿ ಎದೋಮ್ ಇತ್ತು. ಕೆಂಪು ಮರಳುಗಲ್ಲಿನ ಕಡಿದಾದ ಬೆಟ್ಟಗಳು, 1,500 ಮೀಟರಿಗೂ ಎತ್ತರದ ಪ್ರಸ್ಥಭೂಮಿ, ಆಳವಾದ ಕಣಿವೆಗಳು. ಫೈನಾನ್ ಕಣಿವೆಯಲ್ಲಿ ತಾಮ್ರದ ಗಣಿ. ಅರೇಬಿಯಾದಿಂದ ಸುಗಂಧ ದ್ರವ್ಯ ಹೊತ್ತ ಒಂಟೆಗಳು ಹಾದುಹೋಗುವ ದಾರಿಯೂ ಅಲ್ಲೇ. ಪ್ರವಾಸಿಗರು ನೋಡಲು ಹೋಗುವ ಪೆಟ್ರಾ ಈ ಭಾಗದಲ್ಲೇ ಇದೆ. ಆದರೆ ಫೋಟೋಗಳಲ್ಲಿ ಕಾಣುವ ಆ ಬಂಡೆಕೊರೆದ ಸೌಧಗಳು ಎದೋಮ್ಯರವಲ್ಲ, ಶತಮಾನಗಳ ನಂತರ ಬಂದ ನಬಾತಿಯನ್ನರವು. ಪೆಟ್ರಾದ ನೆತ್ತಿಯ ಮೇಲೆ ಉಮ್ಮ್ ಅಲ್-ಬಿಯಾರಾ ಎಂಬ ಬೆಟ್ಟವಿದೆ. ಅದರ ತುದಿಯಲ್ಲಿ ಕ್ರಿ.ಪೂ. 7ನೇ ಶತಮಾನದ ಎದೋಮ್ಯರ ಮನೆಗಳ ಅವಶೇಷ ಸಿಕ್ಕಿವೆ. ಎದೋಮಿನ ರಾಜ ಕೋಸ್-ಗಬ್ರ್‌ನ ಮುದ್ರೆಯ ಗುರುತೂ ಅಲ್ಲಿ ಸಿಕ್ಕಿತು. ಅಂಥ ಜಾಗವನ್ನು ಹತ್ತಿ ಗೆಲ್ಲುವವರು ಯಾರು, ಅಲ್ವಾ?

ಓಬದ್ಯ ಇದಕ್ಕೇ ಕೈಹಾಕುತ್ತಾನೆ. 'ಬಂಡೆಯ ಬಿರುಕುಗಳಲ್ಲಿ ವಾಸಿಸುವವನೇ, ನಿನ್ನ ಹೃದಯದ ಗರ್ವ ನಿನಗೇ ಮೋಸ ಮಾಡಿದೆ. ನನ್ನನ್ನು ನೆಲಕ್ಕೆ ಇಳಿಸುವವರು ಯಾರು ಅನ್ನುತ್ತೀಯಲ್ಲ. ಹದ್ದಿನ ಹಾಗೆ ಮೇಲಕ್ಕೆ ಹಾರಿದರೂ, ನಕ್ಷತ್ರಗಳ ನಡುವೆ ಗೂಡು ಕಟ್ಟಿದರೂ, ಅಲ್ಲಿಂದಲೂ ನಿನ್ನನ್ನು ಇಳಿಸುತ್ತೇನೆ.' ಇದು ಮೂರು ಮತ್ತು ನಾಲ್ಕನೇ ವಚನಗಳ ಸಾರ. ಗರ್ವ ಮೊದಲು ಮೋಸ ಮಾಡುವುದು ಗರ್ವ ಪಟ್ಟವನಿಗೇ. ಎತ್ತರವಿದೆ ಎಂಬುದು ನಿಜ. ಎತ್ತರವೇ ಕಾಯುತ್ತದೆ ಎಂಬುದು ಸುಳ್ಳು.

ಮುಂದಿನ ವಚನಗಳಲ್ಲಿ ಮಾತು ಇನ್ನೂ ಬಿಗಿಯಾಗುತ್ತದೆ. ಕಳ್ಳರು ನುಗ್ಗಿದರೂ ಬೇಕಾದಷ್ಟು ಮಾತ್ರ ಕದ್ದೊಯ್ಯುತ್ತಾರೆ. ದ್ರಾಕ್ಷಿ ಕೀಳುವವರೂ ಒಂದಿಷ್ಟು ಬಿಟ್ಟು ಹೋಗುತ್ತಾರೆ. ನಿನಗೆ ಅಷ್ಟೂ ಉಳಿಯುವುದಿಲ್ಲ. ಬಂಡೆಗಳ ಮೇಲೆ ಯಾರೂ ಹತ್ತಬೇಕಾಗಿಲ್ಲ, ನಿನ್ನ ಜೊತೆ ಕೂತು ಊಟ ಮಾಡಿದ ಸ್ನೇಹಿತರೇ ನಿನಗೆ ಬಲೆ ಬೀಸುತ್ತಾರೆ.

ಇಷ್ಟಕ್ಕೂ ಎದೋಮ್ ಮಾಡಿದ್ದೇನು? ಇದನ್ನು ತಿಳಿಯಲು ಒಂದು ಹಳೆಯ ಮನೆತನದ ಕಥೆ ಗೊತ್ತಿರಬೇಕು. ಇಸಾಕ ಮತ್ತು ರೆಬೆಕ್ಕರಿಗೆ ಏಸಾವ, ಯಾಕೋಬ ಎಂಬ ಅವಳಿ ಮಕ್ಕಳು. ಯಾಕೋಬನ ಸಂತತಿ ಇಸ್ರಾಯೇಲ್, ಏಸಾವನ ಸಂತತಿ ಎದೋಮ್ ಎಂದು ಆದಿಕಾಂಡ ಹೇಳುತ್ತದೆ. ಹಾಗಾಗಿ ಓಬದ್ಯನ ಮಟ್ಟಿಗೆ ಇದು ಎರಡು ದೇಶಗಳ ಜಗಳಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರ ನಡುವಿನ ದ್ರೋಹ.

ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿತು. ಓಬದ್ಯನ ಮಾತುಗಳು ಆ ದಿನದ ಬಗ್ಗೆಯೇ ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಅವನ ಆರೋಪ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ನೀನು ದೂರ ನಿಂತು ನೋಡಿದೆ. ಆಮೇಲೆ ಖುಷಿಪಟ್ಟೆ. ಆಮೇಲೆ ಬಾಯಿಗೆ ಬಂದಂತೆ ಆಡಿಕೊಂಡೆ. ಆಮೇಲೆ ಊರೊಳಗೆ ಬಂದು ಸೊತ್ತಿಗೆ ಕೈಹಾಕಿದೆ. ಕೊನೆಗೆ ದಾರಿ ಕವಲೊಡೆಯುವಲ್ಲಿ ನಿಂತು, ತಪ್ಪಿಸಿಕೊಂಡು ಓಡುತ್ತಿದ್ದವರನ್ನು ಕೊಂದೆ, ಹಿಡಿದು ಕೊಟ್ಟೆ. ನನಗೆ ಇಡೀ ಗ್ರಂಥದಲ್ಲಿ ಅತಿ ಆಳವಾದ ಭಾಗ ಇದು. ಸುಮ್ಮನೆ ನಿಂತು ನೋಡಿದ್ದನ್ನೂ ಅಪರಾಧಗಳ ಸಾಲಿಗೆ, ಅದೂ ಮೊದಲನೆಯದಾಗಿ, ಸೇರಿಸಿದ್ದಾನೆ.

ಆ ಕಾಲದ ಭಯಕ್ಕೆ ಮಣ್ಣಿನಿಂದಲೂ ಒಂದು ಸಾಕ್ಷಿ ಸಿಕ್ಕಿದೆ. ಯೆಹೂದದ ದಕ್ಷಿಣ ಗಡಿಯ ಅರಾದ್ ಕೋಟೆಯಲ್ಲಿ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ದೊರೆತವು. ಅದರಲ್ಲೊಂದು ಪತ್ರ ಬೇಗ ಸೈನಿಕರನ್ನು ಕಳಿಸಿ, ಎದೋಮ್ ಅಲ್ಲಿಗೆ ಬಂದುಬಿಡಬಾರದು ಎಂದು ಆತುರದಿಂದ ಆಜ್ಞಾಪಿಸುತ್ತದೆ.

ಎದೋಮ್ ರಾಜ್ಯವೂ ಬಹಳ ಕಾಲ ಬಾಳಲಿಲ್ಲ. ಕ್ರಿ.ಪೂ. 6ನೇ ಶತಮಾನದ ಮಧ್ಯದಲ್ಲಿ ಬಾಬೆಲಿನ ದೊರೆ ನಬೋನಿದಸ್ ಈ ಕಡೆಗೆ ದಂಡೆತ್ತಿ ಬಂದ. ಜೋರ್ಡಾನಿನ ಸೆಲಾ ಎಂಬಲ್ಲಿ ಕಡಿದಾದ ಬಂಡೆಯ ಮೇಲೆ ಬಾಬೆಲಿನ ರಾಜನೊಬ್ಬನ ಉಬ್ಬುಶಿಲ್ಪ ಇದೆ. ಅದು ಅವನದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಎದೋಮ್ ಯಾವ ಬಾಬೆಲಿನ ಪಕ್ಕ ನಿಂತಿತ್ತೋ ಅದೇ ಬಾಬೆಲ್.

ಅಶ್ಶೂರ್: ಕೊಡಲಿಯ ಜಂಬ

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಇಸ್ರಾಯೇಲಿನ ತಪ್ಪಿಗೆ ಶಿಕ್ಷೆಯಾಗಿ ದೇವರೇ ಅಶ್ಶೂರನ್ನು ಕರೆಸಿದ ಎಂದು ಪ್ರವಾದಿಗಳು ಹೇಳುತ್ತಾರೆ. ಹಾಗಾದರೆ ಅಶ್ಶೂರಿಗೆ ಶಿಕ್ಷೆ ಯಾಕೆ?

ಯೆಶಾಯನ 10ನೇ ಅಧ್ಯಾಯ ಇದಕ್ಕೆ ಉತ್ತರ. ಅಶ್ಶೂರ್ ದೇವರ ಕೋಪದ ಬೆತ್ತ ಎಂದು ಅದು ಶುರುವಾಗುತ್ತದೆ. ಆದರೆ ಬೆತ್ತದ ಮನಸ್ಸಿನಲ್ಲಿರುವುದು ಬೇರೆ. ಅದಕ್ಕೆ ಬೇಕಾದದ್ದು ನಾಶ, ಸಾಧ್ಯವಾದಷ್ಟು ದೇಶಗಳ ನಾಶ. 'ನನ್ನ ಕೈಬಲದಿಂದ, ನನ್ನ ಜಾಣತನದಿಂದ ಮಾಡಿದೆ. ಹಕ್ಕಿಗೂಡಿನಿಂದ ಮೊಟ್ಟೆ ಎತ್ತಿಕೊಂಡ ಹಾಗೆ ಭೂಮಿಯನ್ನೆಲ್ಲ ಬಾಚಿಕೊಂಡೆ. ಒಂದೂ ರೆಕ್ಕೆ ಬಡಿಯಲಿಲ್ಲ, ಒಂದೂ ಚಿಲಿಪಿಲಿ ಅನ್ನಲಿಲ್ಲ' ಎಂದು ದೊರೆ ಹೇಳಿಕೊಳ್ಳುತ್ತಾನೆ. ಅದಕ್ಕೆ ಪ್ರವಾದಿ ಕೇಳುತ್ತಾನೆ: ಕಡಿಯುವವನ ಎದುರು ಕೊಡಲಿ ಜಂಬ ಕೊಚ್ಚಿಕೊಳ್ಳುವುದೇ? ಎಳೆಯುವವನಿಗಿಂತ ಗರಗಸ ದೊಡ್ಡದೇ?

ಅಶ್ಶೂರಿನ ರಾಜರು ನಿಜಕ್ಕೂ ಹೀಗೆ ಮಾತಾಡುತ್ತಿದ್ದರೇ? ಹೌದು, ಅವರ ಶಾಸನಗಳು ನಮ್ಮ ಮುಂದಿವೆ. ಕ್ರಿ.ಪೂ. 701ರಲ್ಲಿ ಸನ್ಹೇರೀಬ ಯೆಹೂದದ ಮೇಲೆ ನುಗ್ಗಿದ. ಆ ದಂಡಯಾತ್ರೆಯನ್ನು ಅವನು ಆರು ಮುಖದ ಮಣ್ಣಿನ ಕಂಬದ ಮೇಲೆ ಬರೆಸಿದ. ಅದರ ಒಂದು ಪ್ರತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ತನ್ನನ್ನು ಮಹಾರಾಜ, ಜಗತ್ತಿನ ರಾಜ ಎಂದು ಕರೆದುಕೊಳ್ಳುತ್ತಾನೆ. ಯೆಹೂದದ 46 ಕೋಟೆ ಪಟ್ಟಣಗಳನ್ನು ಗೆದ್ದೆ, ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎನ್ನುತ್ತಾನೆ. ಆ ಪಟ್ಟಣಗಳಲ್ಲಿ ಒಂದಾದ ಲಾಕೀಷಿನ ಮುತ್ತಿಗೆಯನ್ನು ರಾಜಧಾನಿ ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಮೂಟೆ ಕಟ್ಟಿಕೊಂಡು ಗಡೀಪಾರಾಗುತ್ತಿರುವ ಕುಟುಂಬಗಳು, ಶೂಲಕ್ಕೇರಿದ ದೇಹಗಳು. ಇದನ್ನು ರಾಜ ನಾಚಿಕೆಯಿಂದ ಮುಚ್ಚಿಟ್ಟಿರಲಿಲ್ಲ. ಬಂದವರು ನೋಡಲಿ ಎಂದೇ ಕೆತ್ತಿಸಿದ್ದ.

ಯೆರೂಸಲೇಮನ್ನು ಗೆದ್ದೆ ಎಂದು ಮಾತ್ರ ಅವನ ಶಾಸನ ಹೇಳುವುದಿಲ್ಲ. ಹಿಜ್ಕೀಯನಿಂದ ಕಪ್ಪ ಬಂದಿತು ಎಂದಷ್ಟೇ ಹೇಳುತ್ತದೆ. ಕ್ರಿ.ಪೂ. 681ರಲ್ಲಿ ಸನ್ಹೇರೀಬ ಸತ್ತದ್ದು ಸ್ವಂತ ಮಕ್ಕಳ ಸಂಚಿನಿಂದ. 612ರಲ್ಲಿ ಬಾಬೆಲ್ ಮತ್ತು ಮೇದ್ಯರ ಸೈನ್ಯ ನಿನೆವೆಯನ್ನು ನೆಲಸಮ ಮಾಡಿತು. ಇಂದಿನ ಇರಾಕಿನ ಮೊಸೂಲ್ ನಗರದಲ್ಲಿ ಅದರ ದಿಬ್ಬಗಳಿವೆ.

ಆಮೋಸ: ಸುತ್ತು ಬಂದು ಮನೆ ಬಾಗಿಲಿಗೆ

ಇಲ್ಲಿಯವರೆಗೆ ಓದಿದವರಿಗೆ ಇದೆಲ್ಲ ಶತ್ರುಗಳನ್ನು ಬೈಯುವ ಸಾಹಿತ್ಯ ಅನ್ನಿಸಬಹುದು. ಆಮೋಸನನ್ನು ಓದಿದರೆ ಹಾಗನ್ನಿಸುವುದಿಲ್ಲ. ಯೆಹೂದದ ತೆಕೋವ ಎಂಬ ಹಳ್ಳಿಯ ಕುರುಬ ಅವನು. ಕ್ರಿ.ಪೂ. 8ನೇ ಶತಮಾನದ ಮಧ್ಯದಲ್ಲಿ ಉತ್ತರದ ಇಸ್ರಾಯೇಲಿಗೆ ಹೋಗಿ ಮಾತನಾಡಿದ. ಆಗ ಅಲ್ಲಿ ಎರಡನೇ ಯಾರೊಬ್ಬಾಮನ ಆಳ್ವಿಕೆ, ಗಡಿ ಹಿಗ್ಗಿತ್ತು, ಶ್ರೀಮಂತರ ಕೈಯಲ್ಲಿ ಹಣ ಓಡಾಡುತ್ತಿತ್ತು.

ಊರ ಕಟ್ಟೆಯ ಮೇಲೆ ಒಬ್ಬ ನಿಂತು ಎದುರುಮನೆಯವನ ತಪ್ಪು, ಪಕ್ಕದ ಮನೆಯವನ ತಪ್ಪು, ಹಿಂದಿನ ಬೀದಿಯವನ ತಪ್ಪು ಎಂದು ಒಂದೊಂದಾಗಿ ಹೇಳುತ್ತಾ ಹೋದರೆ ಕೂತವರು ಹೌದು ಹೌದು ಅನ್ನುತ್ತಾರೆ. ಆಮೋಸ ಹಾಗೇ ಮಾಡಿದ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಭೂಪಟದಲ್ಲಿ ನೋಡಿದರೆ ಇಸ್ರಾಯೇಲಿನ ಸುತ್ತ ಒಂದು ಬಳೆ. ಏಳನೆಯದು ಸೋದರ ರಾಜ್ಯ ಯೆಹೂದ. ಎಂಟನೆಯದು ಕೇಳುತ್ತಾ ಕೂತಿದ್ದ ಇಸ್ರಾಯೇಲೇ. ಅದೂ ಎಲ್ಲರಿಗಿಂತ ಉದ್ದದ ಆರೋಪಪಟ್ಟಿ. ಬೆಳ್ಳಿಗಾಗಿ ನೀತಿವಂತನನ್ನು ಮಾರಿದಿರಿ, ಒಂದು ಜೊತೆ ಚಪ್ಪಲಿಗಾಗಿ ಬಡವನನ್ನು ಮಾರಿದಿರಿ.

ಈ ಪಟ್ಟಿಯಲ್ಲಿ ಮೋವಾಬಿನ ಅಪರಾಧವನ್ನು ಗಮನಿಸಿ. ಎದೋಮಿನ ರಾಜನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು ಅದರ ತಪ್ಪು. ಅಂದರೆ ಪೆಟ್ಟು ಬಿದ್ದದ್ದು ಇಸ್ರಾಯೇಲಿಗಲ್ಲ, ಇಸ್ರಾಯೇಲಿನ ಶತ್ರುವಿಗೆ. ಶತ್ರುವಿಗೆ ಆದ ಅನ್ಯಾಯವನ್ನೂ ದೇವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ ಎಂದಾಯಿತು.

'ಯಾಕೋಬನ ಗರ್ವ ನನಗೆ ಅಸಹ್ಯ' ಎಂಬ ಮಾತು ಆರನೇ ಅಧ್ಯಾಯದಲ್ಲಿ ಬರುತ್ತದೆ. ದಂತದ ಮಂಚಗಳ ಮೇಲೆ ಮೈಚಾಚಿ ಕರುವಿನ ಮಾಂಸ ತಿನ್ನುವವರನ್ನು ಅವನು ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಸಮಾರ್ಯದ ಅರಮನೆ ಆವರಣದ ಉತ್ಖನನದಲ್ಲಿ ಪೀಠೋಪಕರಣಗಳಿಗೆ ಕೂರಿಸುತ್ತಿದ್ದ ದಂತದ ಕೆತ್ತನೆಯ ಚೂರುಗಳು ರಾಶಿರಾಶಿಯಾಗಿ ಸಿಕ್ಕಿವೆ. ಇನ್ನೂ ಮುಂದೆ ಹೋಗಿ ಆಮೋಸ ದೇವರ ಬಾಯಲ್ಲೇ ಹೀಗೆ ಕೇಳಿಸುತ್ತಾನೆ: ನಿಮ್ಮನ್ನು ಈಜಿಪ್ಟಿನಿಂದ ಕರೆತಂದೆ, ನಿಜ. ಗಾಜಾ ಕಡೆಯ ಫಿಲಿಷ್ಟಿಯರನ್ನು ಕಫ್ತೋರಿನಿಂದ, ದಮಸ್ಕದ ಅರಾಮ್ಯರನ್ನು ಕೀರಿನಿಂದ ಕರೆತಂದವನೂ ನಾನೇ ಅಲ್ಲವೇ? ತಾವು ವಿಶೇಷ ಜನಾಂಗ ಎಂಬ ನಂಬಿಕೆಯ ಬೇರನ್ನೇ ಇದು ಅಲುಗಿಸುತ್ತದೆ. ಬೇತೇಲಿನ ಪೂಜಾರಿ ಅಮಚ್ಯ ಅವನನ್ನು ಊರು ಬಿಟ್ಟು ಹೋಗು ಎಂದದ್ದರಲ್ಲಿ ಆಶ್ಚರ್ಯವಿಲ್ಲ.

ಹೇಳಿದ್ದೆಲ್ಲ ಹಾಗೇ ನಡೆಯಿತೇ?

ಇದಕ್ಕೆ ಪ್ರಾಮಾಣಿಕ ಉತ್ತರ ಗ್ರಂಥದೊಳಗೇ ಇದೆ. ತೂರನ್ನು ನೆಬೂಕದ್ನೆಚ್ಚರ ಕೊಳ್ಳೆಹೊಡೆಯುತ್ತಾನೆ ಎಂದು ಯೆಹೆಜ್ಕೇಲ 26ರಲ್ಲಿ ಹೇಳಿದ. ಮುತ್ತಿಗೆ 13 ವರ್ಷ ನಡೆಯಿತು ಎಂದು ಯೆಹೂದ್ಯ ಇತಿಹಾಸಕಾರ ಜೋಸಿಫಸ್ ಬರೆಯುತ್ತಾನೆ. ಆದರೆ 29ನೇ ಅಧ್ಯಾಯದಲ್ಲಿ ಯೆಹೆಜ್ಕೇಲನೇ ಹೇಳುವಂತೆ, ಸೈನಿಕರ ತಲೆ ಬೋಳಾಯಿತು, ಹೆಗಲು ತರಚಿತು, ಅಷ್ಟು ದುಡಿದರೂ ತೂರಿನಿಂದ ಕೂಲಿ ಸಿಗಲಿಲ್ಲ. ಆ ದ್ವೀಪ ಪಟ್ಟಣಕ್ಕೆ ಸಮುದ್ರದಲ್ಲಿ ದಾರಿ ಕಟ್ಟಿ ಅದನ್ನು ಗೆದ್ದದ್ದು ಅಲೆಕ್ಸಾಂಡರ್, ಕ್ರಿ.ಪೂ. 332ರಲ್ಲಿ. ಮತ್ತೆ ಕಟ್ಟಲ್ಪಡುವುದಿಲ್ಲ ಎಂದಿದ್ದರೂ ತೂರ್ ಇಂದು ಲೆಬನಾನಿನಲ್ಲಿ ಜನರಿರುವ ಊರು. ಕೆಲವು ಭಕ್ತರು ಅಲೆಕ್ಸಾಂಡರನಲ್ಲಿ ಮಾತು ನೆರವೇರಿತು ಎನ್ನುತ್ತಾರೆ. ಇನ್ನು ಕೆಲವರು ಇವನ್ನು ಎಚ್ಚರಿಕೆಯ ಮಾತಾಗಿ ಓದುತ್ತಾರೆ.

ಎಚ್ಚರಿಕೆ ಎಂಬ ಓದಿಗೆ ಪ್ರವಾದಿಗಳಲ್ಲೇ ಆಧಾರವಿದೆ. ಒಂದು ಜನಾಂಗವನ್ನು ಕೀಳುತ್ತೇನೆ ಎಂದು ಹೇಳಿದ ಮೇಲೂ, ಅದು ಕೆಟ್ಟದ್ದನ್ನು ಬಿಟ್ಟರೆ ನಾನು ಮನಸ್ಸು ಬದಲಿಸುತ್ತೇನೆ ಎಂದು ಯೆರೆಮೀಯ 18ರಲ್ಲಿ ದೇವರು ಹೇಳುತ್ತಾನೆ. ಚೀಯೋನ್, ಅಂದರೆ ಯೆರೂಸಲೇಮ್, ಹೊಲದಂತೆ ಉಳಲ್ಪಡುತ್ತದೆ ಎಂದು ಮೀಕ ಹೇಳಿದ್ದ. ಒಂದು ಶತಮಾನದ ನಂತರ ಯೆಹೂದದ ಹಿರಿಯರು ಅದನ್ನು ನೆನಪಿಸಿ, ಹಿಜ್ಕೀಯ ದೇವರಿಗೆ ಅಂಜಿದ್ದರಿಂದ ಆಗ ಅದು ತಪ್ಪಿತು ಎಂದರು. ಯಾರೂ ಮೀಕನನ್ನು ಸುಳ್ಳು ಪ್ರವಾದಿ ಅನ್ನಲಿಲ್ಲ.

ತೀರ್ಪಿನ ಆಚೆ

ಶಿಕ್ಷೆ ಹೇಳುವಾಗ ಪ್ರವಾದಿಗಳು ಹಿಗ್ಗುತ್ತಿದ್ದರೇ? ನಿನೆವೆಯ ಪತನವನ್ನು ಹಾಡುವ ನಹೂಮನಲ್ಲಿ ಹಿಗ್ಗು ಇದೆ. ಆದರೆ ಯೆಶಾಯ 16ರಲ್ಲಿ ಮೋವಾಬಿನ ಗರ್ವವನ್ನು ಹೇಳಿದ ಧ್ವನಿಯೇ ಮೋವಾಬಿನ ದ್ರಾಕ್ಷಿತೋಟಗಳಿಗಾಗಿ ಅಳುತ್ತದೆ. ಮೋವಾಬಿಗೂ ಅಮ್ಮೋನಿಗೂ ಕಡೆಯಲ್ಲಿ ಒಳ್ಳೆಯ ದಿನ ಮರಳುತ್ತದೆ ಎಂದು ಯೆರೆಮೀಯ ಸೇರಿಸುತ್ತಾನೆ. ಯೆಶಾಯ 19ರಲ್ಲಿ ಈಜಿಪ್ಟಿನಿಂದ ಅಶ್ಶೂರಿಗೆ ಒಂದು ಹೆದ್ದಾರಿ ಆಗುತ್ತದೆ. ದೇವರು ಈಜಿಪ್ಟನ್ನು 'ನನ್ನ ಜನ' ಎಂದೂ ಅಶ್ಶೂರನ್ನು 'ನನ್ನ ಕೈಕೆಲಸ' ಎಂದೂ ಕರೆದು ಇಸ್ರಾಯೇಲಿನ ಜೊತೆಗೆ ಹರಸುತ್ತಾನೆ. ಪ್ರವಾದಿಯ ಊರನ್ನು ತುಳಿದ ಎರಡು ದೊಡ್ಡ ಶಕ್ತಿಗಳ ಬಗ್ಗೆ ಹೇಳಿದ ಮಾತು ಇದು.

ಎದೋಮಿಗೆ ಅಂಥ ಭರವಸೆಯ ಸಾಲನ್ನು ಯೆರೆಮೀಯ ಸೇರಿಸಲಿಲ್ಲ. ನಿನ್ನ ತಬ್ಬಲಿ ಮಕ್ಕಳನ್ನು ಬಿಟ್ಟುಬಿಡು, ನಾನು ಉಳಿಸಿಕೊಳ್ಳುತ್ತೇನೆ ಎಂಬ ಒಂದು ವಚನ ಮಾತ್ರ 49ನೇ ಅಧ್ಯಾಯದ ನಡುವೆ ಇದೆ. ರಾಜ್ಯ ಹೋದ ಮೇಲೆ ಬಹಳಷ್ಟು ಎದೋಮ್ಯರು ಯೆಹೂದದ ದಕ್ಷಿಣ ಭಾಗದಲ್ಲಿ ನೆಲೆನಿಂತರು. ಆ ಪ್ರದೇಶಕ್ಕೆ ಇದುಮೇಯ ಎಂಬ ಹೆಸರಾಯಿತು. ಕ್ರಿ.ಪೂ. 2ನೇ ಶತಮಾನದಲ್ಲಿ ಯೆಹೂದ್ಯ ನಾಯಕ ಯೋಹಾನ ಹಿರ್ಕಾನಸ್ ಅವರನ್ನು ಗೆದ್ದು ಯೆಹೂದ್ಯ ಧರ್ಮಕ್ಕೆ ಸೇರಿಸಿದ. ಅಂಥದೊಂದು ಇದುಮೇಯ ಮನೆತನದಲ್ಲಿ ಹುಟ್ಟಿದವನು ಅರಸ ಹೆರೋದ. ಯೆರೂಸಲೇಮಿನ ದೇವಾಲಯವನ್ನು ಕ್ರಿ.ಪೂ. 1ನೇ ಶತಮಾನದ ಕೊನೆಯಲ್ಲಿ ಹೊಸದಾಗಿ, ಹಿಂದೆಂದಿಗಿಂತ ದೊಡ್ಡದಾಗಿ ಕಟ್ಟಿಸಿದ್ದು ಅವನೇ. ಇವತ್ತು ಯೆಹೂದ್ಯರು ಮುಂದೆ ನಿಂತು ಪ್ರಾರ್ಥಿಸುವ ಪಶ್ಚಿಮ ಗೋಡೆ ಆ ಕಟ್ಟಡದ ಆವರಣದ್ದು.